ಇಸ್ಪೀಟಿನ ಎಲೆಯಿಂದ ಎಲೆಕ್ಟ್ರಾನಿನವರೆಗೆ: ಗಣಿತಜ್ಞ ಉಲಾಮ್ ಬದುಕು

ಹೈಡ್ರೋಜನ್ ಬಾಂಬಿನ ಚರಿತ್ರೆಯನ್ನು ಬಲ್ಲವರಿಗೆ ಸ್ಟಾನಿಸ್ಲಾವ್ ಉಲಾಮ್ ಎಂಬ ಹೆಸರು ಅಪರಿಚಿತವಲ್ಲ. ಆದರೆ ಈ ಗಣಿತಜ್ಞ ಜಗತ್ತಿಗೆ ಬಿಟ್ಟುಹೋದ ನಿಜವಾದ ಆಸ್ತಿ ಬಾಂಬಲ್ಲ; ನೇರ ಲೆಕ್ಕಕ್ಕೆ ಸಿಗದ ಸಮಸ್ಯೆಯನ್ನು ಆಕಸ್ಮಿಕದ ನೆರವಿನಿಂದಲೇ ಬಿಡಿಸುವ ‘ಮಾಂಟೆ ಕಾರ್ಲೊ’ ವಿಧಾನ. ಅಣುಗಳೊಳಗೆ ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಗಣಕಯಂತ್ರದಲ್ಲಿ ಅರಸುವ ರಸಾಯನ ವಿಜ್ಞಾನಿಗಳಲ್ಲಿ ಒಂದು ವರ್ಗ ಇಂದಿಗೂ ಆ ಹಾದಿಯಲ್ಲೇ ನಡೆಯುತ್ತಿದೆ.

ತಪ್ಪಿದ ಸಾವು

ಉಲಾಮ್ ಜನಿಸಿದ್ದು 1909ರ ಏಪ್ರಿಲ್ 13ರಂದು, ಲ್ವೂಫ್ ನಗರದ ಸ್ಥಿತಿವಂತ ಯಹೂದಿ ಕುಟುಂಬದಲ್ಲಿ. ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದಲ್ಲಿದ್ದ ಈ ನಗರ ಮುಂದೆ ಪೋಲೆಂಡಿಗೆ ಸೇರಿತು. ಇಂದು ಉಕ್ರೇನಿನ ಲ್ವಿವ್ ಆಗಿದೆ. ತಂದೆ ವಕೀಲರು. ಮಗ ಹಿಡಿದದ್ದು ಗಣಿತದ ದಾರಿ. ಊರಿನ ‘ಸ್ಕಾಟಿಷ್ ಕೆಫೆ’ಯಲ್ಲಿ ಸ್ಟೆಫಾನ್ ಬಾನಾಖ್ ಅವರಂಥ ಘಟಾನುಘಟಿಗಳು ಕಾಫಿ ಹೀರುತ್ತ ಗಂಟೆಗಟ್ಟಲೆ ಪ್ರಮೇಯಗಳನ್ನು ಚರ್ಚಿಸುತ್ತಿದ್ದರು. ಆ ಮೇಜಿನ ಸುತ್ತ ಬೆಳೆದ ಉಲಾಮ್ 1933ರಲ್ಲಿ ಡಾಕ್ಟರೇಟ್ ಪಡೆದರು. ಜಾನ್ ಫಾನ್ ನಾಯ್ಮನ್ ಅವರ ಆಹ್ವಾನದ ಮೇರೆಗೆ 1935ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ತೆರಳಿದರು. ಮುಂದೆ ಹಾರ್ವರ್ಡ್‌ನಲ್ಲಿ ಮೂರು ವರ್ಷಗಳ ಫೆಲೋಷಿಪ್ ದೊರೆಯಿತು. ಬೇಸಿಗೆಗಳಲ್ಲಿ ಮಾತ್ರ ತವರಿಗೆ ಬಂದುಹೋಗುತ್ತಿದ್ದರು.

1939ರ ಆಗಸ್ಟ್‌ನಲ್ಲಿ ಹದಿನೇಳರ ತಮ್ಮ ಆಡಮ್‌ನನ್ನು ಕರೆದುಕೊಂಡು ಅವರು ಮತ್ತೆ ಹಡಗು ಹತ್ತಿದರು. ಬಂದರಿನಲ್ಲಿ ಮಕ್ಕಳನ್ನು ಬೀಳ್ಕೊಟ್ಟ ತಂದೆಯನ್ನು ಅವರು ನೋಡಿದ್ದು ಅದೇ ಕೊನೆ. ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆ ಪೋಲೆಂಡಿನ ಮೇಲೆರಗಿತು. ತಂದೆ ಮತ್ತು ಸೋದರಿ ನಾಜಿಗಳ ನರಮೇಧಕ್ಕೆ ಬಲಿಯಾದರು. ಕೆಲವೇ ದಿನಗಳ ಅಂತರ ಅಣ್ಣತಮ್ಮಂದಿರ ಜೀವ ಉಳಿಸಿತ್ತು.

ಹಾಸಿಗೆ ಹಿಡಿದಾಗ ಹೊಳೆದದ್ದು

ಯುದ್ಧಕಾಲದಲ್ಲಿ ನ್ಯೂ ಮೆಕ್ಸಿಕೊದ ಲಾಸ್ ಅಲಾಮೋಸ್‌ನಲ್ಲಿ ಪರಮಾಣು ಬಾಂಬಿನ ಯೋಜನೆಗೆ ದುಡಿದ ಉಲಾಮ್, ಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಅಧ್ಯಾಪಕರಾದರು. 1946ರ ಜನವರಿಯಲ್ಲಿ ಮಿದುಳಿನ ಉರಿಯೂತ ಅವರನ್ನು ಹಠಾತ್ತನೆ ಕೆಡವಿತು. ಮಾತು ತೊದಲಿತು. ವೈದ್ಯರು ತುರ್ತಾಗಿ ತಲೆಬುರುಡೆ ತೆರೆದು ಶಸ್ತ್ರಚಿಕಿತ್ಸೆ ನಡೆಸಿದರು. ಜೀವವೇನೋ ಉಳಿಯಿತು, ಆದರೆ ಗಣಿತಜ್ಞನ ಬುದ್ಧಿ ಮೊದಲಿನಂತೆ ಉಳಿದಿದೆಯೇ ಎಂಬ ಭಯ ಅವರನ್ನೂ ಪತ್ನಿ ಫ್ರಾನ್ಸ್ವಾಸ್ ಅವರನ್ನೂ ಕಾಡಿತು.

ಚೇತರಿಕೆಯ ದಿನಗಳಲ್ಲಿ ಅವರು ಒಬ್ಬಂಟಿಯಾಗಿ ಇಸ್ಪೀಟ್ ಆಡುತ್ತಿದ್ದರು. 52 ಎಲೆಗಳ ಈ ಆಟ ಗೆಲುವಿನಲ್ಲಿ ಮುಗಿಯುವ ಸಂಭವ ಎಷ್ಟು? ಸೂತ್ರ ಹಿಡಿದು ಹೊರಟರೆ ಲೆಕ್ಕ ಕಾಡಿನಂತೆ ಹಬ್ಬುತ್ತದೆ. ಅದರ ಬದಲು ನೂರು ಬಾರಿ ಆಡಿ, ಎಷ್ಟು ಸಲ ಗೆದ್ದೆವೆಂದು ಎಣಿಸಿದರೆ ಸಾಕಲ್ಲವೇ? ಈ ಸರಳ ವಿಚಾರದಿಂದ ಅವರ ಮನಸ್ಸು ಪರಮಾಣು ಸ್ಫೋಟದಲ್ಲಿ ಅಡ್ಡಾದಿಡ್ಡಿ ಚಲಿಸುವ ನ್ಯೂಟ್ರಾನುಗಳತ್ತ ಹರಿಯಿತು. ಅದೇ ವರ್ಷ ಲಾಸ್ ಅಲಾಮೋಸ್‌ಗೆ ಮರಳಿದ ಅವರು ವಿಷಯವನ್ನು ಫಾನ್ ನಾಯ್ಮನ್ ಮುಂದಿಟ್ಟರು. 1948ರಲ್ಲಿ ಎನಿಯಾಕ್ ಗಣಕಯಂತ್ರ ಆ ಲೆಕ್ಕಗಳನ್ನು ಮಾಡಿತು. ಜೂಜಿಗೆಂದು ಬಂಧುಗಳಲ್ಲಿ ಸಾಲ ಕೇಳುತ್ತಿದ್ದ ಉಲಾಮರ ಚಿಕ್ಕಪ್ಪನೊಬ್ಬನ ನೆನಪಿಗೆ ಸಹೋದ್ಯೋಗಿ ನಿಕೊಲಸ್ ಮೆಟ್ರೊಪೊಲಿಸ್ ವಿಧಾನಕ್ಕೆ ‘ಮಾಂಟೆ ಕಾರ್ಲೊ’ ಎಂದು ಹೆಸರಿಟ್ಟರು.

ನೀರಿನ ಅಣುವಿನ ಒಗಟು

1949ರಲ್ಲಿ ಮೆಟ್ರೊಪೊಲಿಸ್ ಮತ್ತು ಉಲಾಮ್ ಪ್ರಕಟಿಸಿದ ಪ್ರಬಂಧದಲ್ಲಿ ಎನ್ರಿಕೊ ಫರ್ಮಿ ನೀಡಿದ ಒಂದು ಸಲಹೆಯೂ ಸೇರಿತ್ತು. ಎಲೆಕ್ಟ್ರಾನುಗಳನ್ನು ಆಳುವ ಶ್ರೋಡಿಂಗರ್ ಸಮೀಕರಣದಲ್ಲಿ ಕಾಲವನ್ನು ಕಾಲ್ಪನಿಕ ಸಂಖ್ಯೆಯಾಗಿ ಬದಲಿಸಿದರೆ, ಅದು ನೀರಿನಲ್ಲಿ ಶಾಯಿ ಹರಡುವುದನ್ನು ವಿವರಿಸುವ ಸಮೀಕರಣದ ರೂಪ ತಾಳುತ್ತದೆ. ಹಾಗಾದರೆ ಗೊತ್ತುಗುರಿಯಿಲ್ಲದೆ ಅಲೆಯುವ ಕಣಗಳ ಗುಂಪನ್ನೇ ಗಣಕದಲ್ಲಿ ಓಡಿಸಬಹುದು. ಶಕ್ತಿ ಕಡಿಮೆ ಇರುವ ಎಡೆಯಲ್ಲಿ ಅಲೆಮಾರಿಗಳು ಹೆಚ್ಚುತ್ತವೆ, ಹೆಚ್ಚಿರುವ ಎಡೆಯಲ್ಲಿ ಅಳಿಯುತ್ತವೆ. ಬಹುಕಾಲದ ನಂತರ ಉಳಿದ ಗುಂಪಿನ ಹರವೇ ಉತ್ತರ.

ಇದರ ಮಹತ್ವ ಅರಿಯಲು ನೀರಿನ ಒಂದು ಅಣು ಸಾಕು. ಅದರಲ್ಲಿ 10 ಎಲೆಕ್ಟ್ರಾನುಗಳಿವೆ. ಒಂದೊಂದಕ್ಕೂ ಮೂರರಂತೆ 30 ನಿರ್ದೇಶಾಂಕಗಳು. ಪ್ರತಿಯೊಂದಕ್ಕೂ ಬರೀ 10 ಬಿಂದುಗಳನ್ನು ಇಟ್ಟುಕೊಂಡರೂ, ಒಂದರ ಮುಂದೆ 30 ಸೊನ್ನೆಗಳಷ್ಟು ಸ್ಥಾನಗಳ ಲೆಕ್ಕವಾಗಬೇಕು. ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಲೆಕ್ಕಿಸುವಂತಿಲ್ಲ. ಯಾದೃಚ್ಛಿಕ ಮಾದರಿಗಳ ವಿಧಾನಕ್ಕೆ ಈ ಬೆಟ್ಟ ಅಡ್ಡಬರುವುದಿಲ್ಲ: ಮಾದರಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ದೋಷ ಅರ್ಧಕ್ಕಿಳಿಯುತ್ತದೆ, ಆಯಾಮಗಳು ಎಷ್ಟೇ ಇರಲಿ.

ತೊಡಕು ಬೇರೆ ಕಡೆ ಇತ್ತು. ಎರಡು ಎಲೆಕ್ಟ್ರಾನುಗಳನ್ನು ಅದಲುಬದಲು ಮಾಡಿದರೆ ತರಂಗ ಫಲನದ ಚಿಹ್ನೆ ಧನದಿಂದ ಋಣಕ್ಕೆ ತಿರುಗುತ್ತದೆ. ಧನ-ಋಣಗಳು ಒಂದನ್ನೊಂದು ಅಳಿಸಿ ಕೊನೆಗೆ ಗದ್ದಲವಷ್ಟೇ ಉಳಿಯುತ್ತದೆ. ಜೇಮ್ಸ್ ಆಂಡರ್ಸನ್ 1975ರಲ್ಲಿ, ಮೂರು ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಎರಡು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುವ ಅಯಾನಿನ ಮೇಲೆ ಫರ್ಮಿಯ ಸಲಹೆಯನ್ನು ಪ್ರಯೋಗಿಸಿ ಯಶಸ್ವಿಯಾದರು. ಫಲನ ಸೊನ್ನೆಯಾಗುವ ಗಡಿಯನ್ನು ಮೊದಲೇ ಊಹಿಸಿ, ಅದನ್ನು ದಾಟಿದ ಅಲೆಮಾರಿಗಳನ್ನು ತೆಗೆದುಹಾಕುವ ಉಪಾಯವೂ ಬಳಕೆಗೆ ಬಂತು. ಗಡಿಯ ಊಹೆ ತಪ್ಪಿದಷ್ಟು ಉತ್ತರವೂ ತಪ್ಪುತ್ತದೆ ಎಂಬುದೇ ಅದರ ಮಿತಿ. 1980ರಲ್ಲಿ ಡೇವಿಡ್ ಸೆಪರ್ಲಿ ಮತ್ತು ಬರ್ನಿ ಆಲ್ಡರ್ ಎಲೆಕ್ಟ್ರಾನ್ ಅನಿಲದ ಶಕ್ತಿಯನ್ನು ಕಂಡುಹಿಡಿದರು. ವಸ್ತುಗಳ ಗುಣಗಳನ್ನು ಲೆಕ್ಕ ಹಾಕುವ ಸಾಂದ್ರತಾ ಫಲನ ಸಿದ್ಧಾಂತ ಆ ಅಂಕಿಗಳನ್ನು ಬುನಾದಿಯಾಗಿ ಬಳಸಿಕೊಂಡಿತು. 2009ರಲ್ಲಿ ಕೇಂಬ್ರಿಜ್‌ನ ಅಲಿ ಅಲಾವಿ ಮತ್ತು ಸಂಗಡಿಗರು, ಗಡಿಯನ್ನು ಊಹಿಸದೆ, ಧನ-ಋಣ ಅಲೆಮಾರಿಗಳು ಎದುರಾದಾಗ ಪರಸ್ಪರ ಅಳಿಯುವ ಹೊಸ ಮಾರ್ಗ ತೋರಿದರು. ಆದರೂ ಚಿಹ್ನೆಯ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ.

ಎರಡು ಮುಖಗಳು

ಈ ವಿಧಾನ ಹುಟ್ಟಿದ್ದು ಬಾಂಬಿನ ಕಾರ್ಯಾಗಾರದಲ್ಲಿ ಎಂಬುದನ್ನು ಮರೆಯುವಂತಿಲ್ಲ. 1950ರಲ್ಲಿ ಉಲಾಮ್ ಮತ್ತು ಕಾರ್ನೀಲಿಯಸ್ ಎವರೆಟ್ ಕೈಲೆಕ್ಕದಿಂದಲೇ ಎಡ್ವರ್ಡ್ ಟೆಲ್ಲರ್ ಅವರ ಮೊದಲ ಹೈಡ್ರೋಜನ್ ಬಾಂಬ್ ವಿನ್ಯಾಸ ಫಲಿಸದೆಂದು ತೋರಿಸಿದರು. ಮರುವರ್ಷ ಟೆಲ್ಲರ್ ಜೊತೆ ಸೇರಿ ಫಲಿಸುವ ವಿನ್ಯಾಸವನ್ನು ಕೊಟ್ಟವರೂ ಉಲಾಮರೇ. 1952ರ ನವೆಂಬರ್ 1ರಂದು ಶಾಂತಸಾಗರದ ಎನಿವೆಟೊಕ್‌ನಲ್ಲಿ ಅದರ ಪರೀಕ್ಷೆ ನಡೆದು ಒಂದು ನಡುಗಡ್ಡೆಯೇ ಅಳಿಸಿಹೋಯಿತು. ಹತ್ಯಾಕಾಂಡದಲ್ಲಿ ತನ್ನವರನ್ನು ಕಳೆದುಕೊಂಡವನ ಕೈಯಿಂದಲೇ ಸಾಮೂಹಿಕ ನಾಶದ ಅಸ್ತ್ರವೂ ಮೂಡಿತೆಂಬುದು ಅವರ ಬದುಕಿನ ಕಹಿ ವಿಪರ್ಯಾಸ.

ಮುಂದೆ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಉಲಾಮ್, 1976ರಲ್ಲಿ ಆತ್ಮಕಥೆ ಪ್ರಕಟಿಸಿದರು. 1984ರ ಮೇ 13ರಂದು ಸಾಂತಾ ಫೆಯಲ್ಲಿ ಹೃದಯಾಘಾತದಿಂದ ನಿಧನರಾದರು. ಬಾಂಬುಗಳ ರಹಸ್ಯ ಕಡತಗಳ ಬಹುಭಾಗ ಇಂದಿಗೂ ಬೀಗದೊಳಗಿದೆ. 1949ರ ಆ ಪುಟ್ಟ ಪ್ರಬಂಧವನ್ನು ಮಾತ್ರ ಯಾವ ವಿದ್ಯಾರ್ಥಿ ಬೇಕಾದರೂ ತೆರೆದು ಓದಬಹುದು.