ಮುಡಿಪುವಿನ ಜೋಸೆಫ್ ವಾಜ್: ಸಂತ ಪಟ್ಟಕ್ಕೆ ಹಿಡಿದದ್ದು 304 ವರ್ಷ

ಮಂಗಳೂರು ಹತ್ತಿರದ ಮುಡಿಪು ಗುಡ್ಡದಲ್ಲಿ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರ ಇರುವುದು ನಮ್ಮ ಜಿಲ್ಲೆಯ ಹೆಚ್ಚಿನವರಿಗೆ ಗೊತ್ತು. ಅವರು ತೀರಿಕೊಂಡದ್ದು 1711ರಲ್ಲಿ. ಕ್ಯಾಥೊಲಿಕ್ ಚರ್ಚ್ ಅವರನ್ನು ಸಂತ ಅಂತ ಘೋಷಿಸಿದ್ದು 2015ರಲ್ಲಿ. ನಡುವೆ ಬರೋಬ್ಬರಿ 304 ವರ್ಷ!

ಜೋಸೆಫ್ ವಾಜ್ ಹುಟ್ಟಿದ್ದು 1651ರಲ್ಲಿ, ಗೋವಾದ ಬೆನಾವಲಿಯಲ್ಲಿ. ಮನೆಮಾತು ಕೊಂಕಣಿ. 1676ರಲ್ಲಿ ಧರ್ಮಗುರುವಾದರು. 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಿದರು. ಆಗ ನಮ್ಮ ಕರಾವಳಿ ಕೆಳದಿ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು.

ಇಲ್ಲಿ ಬಂದು ನೋಡಿದರೆ ಕ್ರೈಸ್ತರಲ್ಲೇ ಜಗಳ. ಗೋವಾದ ಪೋರ್ಚುಗೀಸ್ ಧರ್ಮಾಡಳಿತ ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಬಿಷಪ್ ಇನ್ನೊಂದು ಕಡೆ. ಯಾರ ಮಾತು ಕೇಳಬೇಕು ಅಂತ ಜನರಿಗೇ ಗೊಂದಲ. ವಾಜ್ ಇಬ್ಬರ ನಡುವೆ ರಾಜಿಗೆ ಪ್ರಯತ್ನಪಟ್ಟರು. ಬಸ್ರೂರು, ಕುಂದಾಪುರ, ಗಂಗೊಳ್ಳಿ ಕಡೆ ಚರ್ಚ್ ಕಟ್ಟಿಸಿದರು. ಮುಡಿಪು ಗುಡ್ಡದ ನೀರಿನ ಒರತೆಗೆ ಅವರ ಹೆಸರು ಸೇರಿಸಿ ಹೇಳುವ ಕಥೆ ಇವತ್ತಿಗೂ ಊರಲ್ಲಿದೆ. 1684ರಲ್ಲಿ ಅವರು ಗೋವಾಕ್ಕೆ ವಾಪಸಾದರು.

ಅಷ್ಟರಲ್ಲಿ ಶ್ರೀಲಂಕಾದ ಸುದ್ದಿ ಅವರ ಮನಸ್ಸಲ್ಲಿ ಕೂತಿತ್ತು. ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು, ಕ್ಯಾಥೊಲಿಕ್ ಗುರುಗಳಿಗೆ ನಿಷೇಧ. ಜನರಿಗೆ ದೀಕ್ಷಾಸ್ನಾನ ಕೊಡಲಿಕ್ಕೂ, ಸಾಯುವಾಗ ಪ್ರಾರ್ಥನೆಗೂ ಗುರುಗಳಿಲ್ಲ. 1687ರಲ್ಲಿ ವಾಜ್ ಕೂಲಿಯವನ ವೇಷ ಹಾಕಿ, ತೂತುಕುಡಿಯಿಂದ ಹಡಗು ಹತ್ತಿ ಅಲ್ಲಿಗೆ ಹೋದರು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯ. ಜಾಫ್ನಾದಲ್ಲಿ ರಾತ್ರಿ ಹೊತ್ತು ಮನೆಮನೆಯಲ್ಲಿ ಗುಟ್ಟಾಗಿ ಪೂಜೆ ಅರ್ಪಿಸಿದರು. ತಮಿಳು, ಸಿಂಹಳ ಎರಡೂ ಕಲಿತರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಅಂತ ಶಂಕಿಸಿ ಸೆರೆಯಲ್ಲಿಟ್ಟರು. ಆದರೆ ಐದು ವರ್ಷದ ನಂತರ ಅಲ್ಲಿ ಸಿಡುಬು ಹಬ್ಬಿತು. ರೋಗಿಗಳನ್ನು ಮನೆಯವರೇ ಬಿಟ್ಟು ಓಡಿದರು. ವಾಜ್ ಮಾತ್ರ ಓಡಲಿಲ್ಲ. ಅಂಥವರನ್ನು ಹುಡುಕಿ ಊಟ ಕೊಟ್ಟರು, ಮೈ ತೊಳೆದರು, ಸತ್ತವರನ್ನು ಹೂಳಿದರು. ಯಾವ ಧರ್ಮದವರು ಅಂತ ಕೇಳಲಿಲ್ಲ. ಬೌದ್ಧ ರಾಜನಿಗೂ ಅವರ ಮೇಲೆ ಗೌರವ ಬಂತು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು.

ಹಾಗಾದರೆ ಸಂತ ಪಟ್ಟ ಇಷ್ಟು ತಡ ಯಾಕೆ? ಚರ್ಚ್‌ನಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. ಮೊದಲು ದೇವರ ಸೇವಕ. ಬದುಕಿನ ಪೂರ್ತಿ ತನಿಖೆ ಆದ ಮೇಲೆ ಪೂಜ್ಯ. ಅವರಲ್ಲಿ ಬೇಡಿಕೊಂಡು ಒಂದು ಪವಾಡ ನಡೆದದ್ದು ಸಾಬೀತಾದರೆ ಧನ್ಯ. ಆಮೇಲೆ ಇನ್ನೊಂದು ಪವಾಡ ಆದರೆ ಸಂತ. ವಾಸಿಯಾದ ಕಾಯಿಲೆಗೆ ವೈದ್ಯಕೀಯ ವಿವರಣೆ ಇಲ್ಲ ಅಂತ ವೈದ್ಯರೂ ಪರಿಶೀಲಿಸಿ ಹೇಳಬೇಕು. ಮಾರ್ಟರ್, ಅಂದರೆ ನಂಬಿಕೆಗಾಗಿ ಕೊಲೆಯಾದವರಿಗೆ, ಮೊದಲ ಪವಾಡ ಬೇಕಿಲ್ಲ. ವಾಜ್ ಹಾಗೆ ಸತ್ತವರಲ್ಲ.

ಅವರ ಲೆಕ್ಕಕ್ಕೆ ಸಿಕ್ಕ ಪವಾಡ 1938ರದ್ದು. ಗೋವಾದಲ್ಲಿ ಕಷ್ಟದ ಹೆರಿಗೆಯೊಂದರಲ್ಲಿ ತಾಯಿ, ಮಗು ಇಬ್ಬರೂ ಉಳಿದರು. 1989ರಲ್ಲಿ ಪೂಜ್ಯ, 1995ರಲ್ಲಿ ಧನ್ಯ ಪದವಿ ಬಂತು. ಎರಡನೇ ಪವಾಡಕ್ಕೆ ಪೋಪ್ ಫ್ರಾನ್ಸಿಸ್ ಕಾಯಲಿಲ್ಲ. ತಮ್ಮ ಅಧಿಕಾರ ಬಳಸಿ ವಿನಾಯಿತಿ ಕೊಟ್ಟು, 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತ ಪದವಿ ಘೋಷಿಸಿದರು.

ರೋಮ್‌ನ ಮುದ್ರೆ ಬೀಳುವ ಎಷ್ಟೋ ಮೊದಲೇ ಮುಡಿಪುವಿನ ಜನ ಅವರನ್ನು ಸಂತ ಅಂತಲೇ ನಂಬಿದ್ದರು. ಕ್ಯಾಂಡಿಯಲ್ಲಿ ಅವರ ಸಮಾಧಿ ಎಲ್ಲಿತ್ತು ಅನ್ನೋದಕ್ಕೆ ಈಗ ಗುರುತಿಲ್ಲ. ನಮ್ಮ ಗುಡ್ಡದಲ್ಲಿ ಹೆಸರು ಉಳಿದಿದೆ. ಪ್ರತಿ ವರ್ಷ ಜನವರಿ 16 ಅವರ ಹಬ್ಬ.