ಕೆಂಪಿನಾಚೆ ಇಟ್ಟ ಥರ್ಮಾಮೀಟರ್

ದ್ವಿತೀಯ ಪಿಯುಸಿ ಭೌತಶಾಸ್ತ್ರದ ವಿದ್ಯುತ್ಕಾಂತೀಯ ತರಂಗಗಳ ಪಾಠದಲ್ಲಿ ನಾವು ಅವಗೆಂಪು ಕಿರಣಗಳ ಬಗ್ಗೆ ಓದುತ್ತೇವೆ. ಈ ಕಾಣದ ಕಿರಣಗಳನ್ನು ಮೊದಲು ಪತ್ತೆಮಾಡಿದವರು ಯಾರು ಎಂದು ಹುಡುಕಿದಾಗ ನನಗೆ ಸಿಕ್ಕವರು ಒಬ್ಬ ಸಂಗೀತಗಾರ: ವಿಲಿಯಂ ಹರ್ಷೆಲ್.

ಅವರು ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರ್‌ನಲ್ಲಿ. ತಂದೆ ಸೇನೆಯ ವಾದ್ಯತಂಡದಲ್ಲಿದ್ದರು. ಮಗನೂ ಅದೇ ತಂಡದಲ್ಲಿ ಓಬೋ ನುಡಿಸಿದರು. 1757ರಲ್ಲಿ ಇಂಗ್ಲೆಂಡಿಗೆ ಹೋಗಿ ಸಂಗೀತದಿಂದಲೇ ಹೊಟ್ಟೆ ಹೊರೆದರು. ಮುಂದೆ ಬಾತ್ ನಗರದಲ್ಲಿ ಆರ್ಗನ್ ವಾದಕರಾದರು. ವಿಜ್ಞಾನವನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿತವರಲ್ಲ.

ದೊಡ್ಡ ದೂರದರ್ಶಕದ ಬೆಲೆ ಕೈಗೆಟುಕದ್ದರಿಂದ ಮನೆಯಲ್ಲೇ ಲೋಹದ ಕನ್ನಡಿ ಮಾಡಿ ಉಜ್ಜತೊಡಗಿದರು. ಉಜ್ಜುವ ಕೈ ನಿಲ್ಲಿಸುವಂತಿರಲಿಲ್ಲ. ತಂಗಿ ಕ್ಯಾರೊಲಿನ್ ತುತ್ತು ಬಾಯಿಗಿಡುತ್ತಿದ್ದರು. ತಾವೇ ಮಾಡಿದ ದೂರದರ್ಶಕದಿಂದ 1781ರ ಮಾರ್ಚ್ 13ರಂದು ಯುರೇನಸ್ ಕಂಡರು. ದೊರೆ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದರು.

ನನಗೆ ಹೆಚ್ಚು ಹಿಡಿಸಿದ್ದು ಅವರ 1800ರ ಪ್ರಯೋಗ. ಬಣ್ಣದ ಗಾಜುಗಳ ಮೂಲಕ ಸೂರ್ಯನನ್ನು ನೋಡುವಾಗ, ಕೆಲವು ಗಾಜುಗಳು ಬೆಳಕನ್ನು ತಡೆದರೂ ಶಾಖವನ್ನು ಬಿಡುತ್ತಿದ್ದವು. ಹಾಗಾದರೆ ಯಾವ ಬಣ್ಣದಲ್ಲಿ ಎಷ್ಟು ಶಾಖವಿದೆ? ಪ್ರಿಸಂನಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಬಲ್ಬಿಗೆ ಕಪ್ಪು ಬಳಿದ ಥರ್ಮಾಮೀಟರ್ ಇಟ್ಟರು. ನೇರಳೆಗಿಂತ ಹಸಿರಿನಲ್ಲಿ, ಹಸಿರಿಗಿಂತ ಕೆಂಪಿನಲ್ಲಿ ಪಾದರಸ ಹೆಚ್ಚು ಏರಿತು. ಕೆಂಪಿನಾಚೆ, ಕಣ್ಣಿಗೆ ಬೆಳಕೇ ಕಾಣದ ಕಡೆ, ಇನ್ನೂ ಹೆಚ್ಚು! ಮರುವರ್ಷ ಜರ್ಮನಿಯ ರಿಟ್ಟರ್, ನೇರಳೆಯ ಆಚೆ ಸಿಲ್ವರ್ ಕ್ಲೋರೈಡ್ ಬೇಗ ಕಪ್ಪಾಗುವುದನ್ನು ಕಂಡು ನೇರಳಾತೀತ ಕಿರಣಗಳನ್ನು ಪತ್ತೆಮಾಡಿದರು.

ಇಂದು ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್‌ವರೆಗಿನ ಅವಗೆಂಪನ್ನು ಗ್ರಹಿಸಬಲ್ಲದು. ಚಿತ್ರದ ಬಣ್ಣ ಕೆಡದಿರಲೆಂದು ಅದರ ಮುಂದೆ ಅವಗೆಂಪನ್ನು ತಡೆಯುವ ಫಿಲ್ಟರ್ ಇಟ್ಟಿರುತ್ತಾರೆ. ಬಲ್ಲವರು ಅದನ್ನು ತೆಗೆದು, ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಕೂರಿಸುತ್ತಾರೆ. ಆಗ ಹಸಿರು ಎಲೆ ಬೆಳ್ಳಗೆ, ನೀಲಿ ಆಕಾಶ ಕಪ್ಪಗೆ ಮೂಡುತ್ತದೆ. ನೇರಳಾತೀತ ಚಿತ್ರ ಇನ್ನೂ ಕಷ್ಟ. ಸಾಮಾನ್ಯ ಲೆನ್ಸಿನ ಗಾಜೇ ಆ ಕಿರಣಗಳನ್ನು ಬಹಳಷ್ಟು ತಡೆಯುತ್ತದೆ. ಮನೆಯಲ್ಲಿ ಕ್ಯಾಮೆರಾ ಬಿಚ್ಚಲು ಹೋಗಬೇಡಿ, ಫ್ಲ್ಯಾಶ್‌ನ ಕೆಪಾಸಿಟರ್‌ನಿಂದ ಶಾಕ್ ಹೊಡೆಯಬಹುದು. ಅದರ ಬದಲು ಟಿವಿ ರಿಮೋಟಿನ ಗುಂಡಿ ಒತ್ತುತ್ತಾ ಅದರ ತುದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಹಲವು ಫೋನ್‌ಗಳಲ್ಲಿ ಬರಿಗಣ್ಣಿಗೆ ಕಾಣದ ಮಿನುಗು ಕಾಣುತ್ತದೆ. ಅದೇ ಅವಗೆಂಪು.

ವಿಚಿತ್ರವೆಂದರೆ, ಈ ಶಾಖದ ಕಿರಣವೂ ಬೆಳಕೂ ಒಂದೇ ಜಾತಿ ಎಂಬುದನ್ನು ಹರ್ಷೆಲ್ ಕೊನೆಗೆ ಒಪ್ಪಲಿಲ್ಲ. ಎರಡೂ ಬೇರೆ ಎಂದು ತೀರ್ಮಾನಿಸಿದರು. 1822ರಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಅವು ಒಂದೇ ಎಂದು ನಂತರದವರು ತೋರಿಸಿಕೊಟ್ಟರು. ಆದರೆ ತಮ್ಮ ಅಳತೆಗಳನ್ನು ಹರ್ಷೆಲ್ ಇದ್ದದ್ದು ಇದ್ದಂತೆ ರಾಯಲ್ ಸೊಸೈಟಿಯ ಮುಂದಿಟ್ಟಿದ್ದರು. ತೀರ್ಮಾನ ಬಿದ್ದುಹೋಯಿತು, ಅಳತೆ ಉಳಿಯಿತು. ಪುಸ್ತಕದ ಉತ್ತರಕ್ಕೆ ಹೊಂದಲಿ ಎಂದು ಲ್ಯಾಬ್ ರೆಕಾರ್ಡಿನ ರೀಡಿಂಗ್ ತಿದ್ದಲು ಯಾರಿಗಾದರೂ ಮನಸ್ಸಾದರೆ, ಕೆಂಪಿನಾಚೆಯ ಆ ಥರ್ಮಾಮೀಟರನ್ನು ಒಮ್ಮೆ ನೆನೆಯಲಿ.