ಕವಿತೆಗಳನ್ನು ಸುಟ್ಟ ಗುರು: ವಂ. ಹಾಪ್ಕಿನ್ಸ್

ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಚರ್ಚುಗಳಲ್ಲಿ ಹಾಡು, ನಾಟಕ ಬರೆಯುವವರ ಹುಡುಕಾಟ ಶುರುವಾಗುತ್ತದೆ. ಸ್ಫೂರ್ತಿಯೇ ಬರುತ್ತಿಲ್ಲ ಎಂಬ ಉತ್ತರವೂ ನಮಗೆ ಹೊಸತಲ್ಲ. ಆಗೆಲ್ಲ ನಮಗೆ ನೆನಪಾಗುವವರು ಯೇಸು ಸಭೆಯ ಗುರು, ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್.

1844ರ ಜುಲೈ 28ರಂದು ಇಂಗ್ಲೆಂಡಿನಲ್ಲಿ, ಆಂಗ್ಲಿಕನ್ ಕುಟುಂಬದಲ್ಲಿ ಜನಿಸಿದ ಅವರು ಆಕ್ಸ್‌ಫರ್ಡ್‌ನಲ್ಲಿ ಕಲಿಯುತ್ತಿದ್ದಾಗ, 1866ರಲ್ಲಿ, ಈಗ ಸಂತರಾಗಿರುವ ಜಾನ್ ಹೆನ್ರಿ ನ್ಯೂಮನ್ ಅವರ ಮೂಲಕ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1868ರಲ್ಲಿ ಯೇಸು ಸಭೆಗೆ ಸೇರುವ ಮುನ್ನ ತಮ್ಮ ಕವಿತೆಗಳನ್ನು ಬೆಂಕಿಗೆ ಹಾಕಿದರು. ಮೇಲಧಿಕಾರಿಗಳು ಬಯಸದ ಹೊರತು ಇನ್ನು ಬರೆಯುವುದಿಲ್ಲ ಎಂದು ನಿರ್ಧರಿಸಿದರು. ಏಳು ವರ್ಷ ಹೆಚ್ಚುಕಡಿಮೆ ಮೌನ. ಆದರೆ ಮೋಡ, ಮರ, ಹರಿಯುವ ನೀರು, ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಈ ವರ್ಷಗಳು ವ್ಯರ್ಥವಾದವು ಎಂದು ನಮಗೆ ಅನಿಸುವುದಿಲ್ಲ.

1875ರ ಡಿಸೆಂಬರಿನಲ್ಲಿ ಡಾಯಿಚ್‌ಲ್ಯಾಂಡ್ ಎಂಬ ಹಡಗು ಥೇಮ್ಸ್ ನದಿಯ ಮುಖದ ಹೊರಗೆ ಮರಳ ದಿಬ್ಬಕ್ಕೆ ಸಿಕ್ಕಿ ಒಡೆಯಿತು. ಸತ್ತವರಲ್ಲಿ, ಧಾರ್ಮಿಕ ಸಂಸ್ಥೆಗಳ ಮೇಲಿನ ಕಾನೂನುಗಳಿಂದಾಗಿ ಜರ್ಮನಿ ಬಿಟ್ಟು ಹೊರಟಿದ್ದ ಐವರು ಫ್ರಾನ್ಸಿಸ್ಕನ್ ಧರ್ಮಭಗಿನಿಯರಿದ್ದರು. ಹಾಪ್ಕಿನ್ಸ್ ಆಗ ವೇಲ್ಸ್‌ನಲ್ಲಿ ದೇವಶಾಸ್ತ್ರ ಕಲಿಯುತ್ತಿದ್ದರು. ಈ ಬಗ್ಗೆ ಯಾರಾದರೂ ಕವಿತೆ ಬರೆದರೆ ಚೆನ್ನಾಗಿತ್ತು ಎಂದು ಅಲ್ಲಿನ ರೆಕ್ಟರ್ ಹೇಳಿದರು. ಅಷ್ಟೇ ಸಾಕಾಯಿತು. 35 ಚರಣಗಳ ಕವಿತೆ ಹೊರಬಂತು. ಯೇಸು ಸಭೆಯ ಪತ್ರಿಕೆಯೇ ಅದನ್ನು ಪ್ರಕಟಿಸಲಿಲ್ಲ! ಆದರೂ ಕಟ್ಟೆ ಒಡೆದಿತ್ತು. 1877ರಲ್ಲಿ, ಗುರುದೀಕ್ಷೆಯ ವರ್ಷ, ಗಿಡುಗ, ವಸಂತ, ನಕ್ಷತ್ರಗಳ ಕುರಿತು ಸಾಲು ಸಾಲಾಗಿ ಸಾನೆಟ್‌ಗಳು ಬಂದವು.

ಬತ್ತಿಸಿದ್ದು ಯಾವುದು? ವ್ರತಗಳೇ ಎಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಲಿವರ್‌ಪೂಲ್‌ನ ಬಡ ಕೇರಿಗಳ ಸೇವೆಯಲ್ಲೇ ಅವರು ದಣಿದಿದ್ದರು. 1884ರಲ್ಲಿ ಡಬ್ಲಿನ್‌ಗೆ ಗ್ರೀಕ್ ಪ್ರಾಧ್ಯಾಪಕರಾಗಿ ಹೋದ ಮೇಲೆ ವರ್ಷಕ್ಕೆ ನೂರಾರು ಉತ್ತರಪತ್ರಿಕೆಗಳ ರಾಶಿ, ಕಣ್ಣುನೋವು, ನಿಶ್ಶಕ್ತಿ, ಮನೆಯವರಿಂದ, ಗೆಳೆಯರಿಂದ ದೂರ. ಶುರುಮಾಡಿದ ಕೆಲಸಗಳು ಒಂದೊಂದಾಗಿ ಅರ್ಧಕ್ಕೆ ನಿಂತವು. (ಪರೀಕ್ಷೆ ಮುಗಿದ ವಾರಗಳಲ್ಲಿ ನಮ್ಮ ಶಿಕ್ಷಕರ ಮುಖ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಆಶ್ಚರ್ಯವೆಂದರೆ ಆ ಕತ್ತಲೆಯಲ್ಲೂ, 1885ರ ಸುಮಾರಿಗೆ, ಕೆಲವು ಸಾನೆಟ್‌ಗಳು ಕರೆಯದೆಯೇ ಬಂದವು. ದೇವರೊಂದಿಗೆ ಜಗಳವಾಡುವಂಥ ಕವಿತೆಗಳವು. ಅವರ ಶ್ರೇಷ್ಠ ರಚನೆಗಳೂ ಅವೇ ಎಂಬುದು ನಮ್ಮ ಅಭಿಪ್ರಾಯ. 1889ರ ಏಪ್ರಿಲ್‌ನಲ್ಲಿ ಗೆಳೆಯ ರಾಬರ್ಟ್ ಬ್ರಿಡ್ಜಸ್‌ಗೆ ಬರೆದ ಕೊನೆಯ ಸಾನೆಟ್‌ನ ವಿಷಯವೇ ಬಾರದೆ ಹೋದ ಸ್ಫೂರ್ತಿ. ಸ್ಫೂರ್ತಿಯನ್ನು ಅವರು ಗರ್ಭ ಕಟ್ಟುವ ಕ್ಷಣಕ್ಕೆ ಹೋಲಿಸಿ, ತಮ್ಮ ಕವಿತೆಗಳು ಬಡವಾಗಿದ್ದರೆ ಕಾರಣ ಇದು ಎಂದು ಗೆಳೆಯನಿಗೆ ತಿಳಿಸಿದರು.

ಜೂನ್ 8ರಂದು ವಿಷಮಶೀತ ಜ್ವರದಿಂದ ಅವರು ನಿಧನರಾದಾಗ ವಯಸ್ಸು 44. ಕವಿತೆಗಳನ್ನು ಜೋಪಾನ ಮಾಡಿದ್ದ ಬ್ರಿಡ್ಜಸ್ 1918ರಲ್ಲಿ ಅವನ್ನು ಪುಸ್ತಕವಾಗಿ ತಂದರು. ಅಚ್ಚಾದದ್ದು 750 ಪ್ರತಿ. ಎಲ್ಲ ಮಾರಾಟವಾಗಲು ಸುಮಾರು ಹತ್ತು ವರ್ಷ ಬೇಕಾಯಿತು.